ಬೆನ್ನಮ್ಮನ ಕೋಡಿಗೆ ಆ ಹೆಸರು ಬಂದದ್ದು

ಬನ್ನಿ ಮಕ್ಕಳೇ, ಈ ಚಾಪೆಯ ಮೇಲೆ ಒತ್ತಿಕೊಂಡು ಕೂತುಕೊಳ್ಳಿ. ನೀರು ಕುಡಿಯುವವರು ಈಗಲೇ ಕುಡಿದು ಬನ್ನಿ, ನಡುವೆ ಏಳಬೇಡಿ. ಇದು ಅರ್ಧಕ್ಕೆ ಬಿಟ್ಟು ಏಳುವ ಕತೆಯಲ್ಲ. ಅರ್ಧ ಕೇಳಿ ಎದ್ದವರಿಗೆ ಕಡಲ ಕಡೆ ಹೋಗಲು ಕಾಲು ಬಾರದು, ಪೂರ್ತಿ ಕೇಳಿದವರು ಧೈರ್ಯವಾಗಿ ಹೋಗುತ್ತಾರೆ. ನನ್ನ ಅಜ್ಜಿ ಮೀನು ಹೆರೆಯುತ್ತ ನನಗೆ ಹೇಳಿದ್ದನ್ನೇ ನಾನು ನಿಮಗೆ ಹೇಳುತ್ತೇನೆ. ಹೆಚ್ಚು ಕಡಿಮೆ ಇದ್ದರೆ ಅದು ನನ್ನ ನೆನಪಿನದು.

ನಮ್ಮ ಅರಗೋಡಿನ ತೆಂಕಣ ತುದಿಯಲ್ಲಿ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಮರಳಿನ ನಾಲಿಗೆ ಚಾಚಿಕೊಂಡಿದೆಯಲ್ಲ, ಅದೇ ಬೆನ್ನಮ್ಮನ ಕೋಡಿ. ಅದರ ತುದಿಗೆ ಕಪ್ಪು ಬಂಡೆ, ಬಂಡೆಯ ಮೇಲೆ ಆಳೆತ್ತರದ ಒಂದು ಕಲ್ಲು. ಊರ ಕಡೆಯಿಂದ ನಡೆದು ಹೋದವರಿಗೆ ಅದು ಬರೀ ಒರಟು ಕಲ್ಲು, ಮೂಗಿಲ್ಲ, ಕಣ್ಣಿಲ್ಲ. ಹೊರಗಿನಿಂದ ಬಂದವರು, ಇದೇನು, ನಿಮ್ಮ ದೇವಿಗೆ ಮುಖವೇ ಇಲ್ಲವಲ್ಲ ಎಂದು ಕೇಳುತ್ತಾರೆ. ದೋಣಿಯಲ್ಲಿ ಕೂತು ಕಡಲಿನ ಕಡೆಯಿಂದ ನೋಡಬೇಕು. ಆಗ ಹೆಂಗಸಿನ ಬೆನ್ನು ಕಾಣುತ್ತದೆ. ಸೊಂಟದವರೆಗೆ ಇಳಿದ ಜಡೆ, ಹೆಗಲಿನ ಮೂಳೆ, ನೀರು ತಾಗಿ ಮೈಗೆ ಅಂಟಿದ ಸೀರೆಯ ನೆರಿಗೆ, ಎಲ್ಲವನ್ನೂ ಶಿಲ್ಪಿ ಪ್ರೀತಿಯಿಂದ ಕೆತ್ತಿದ್ದಾನೆ. ಮುಖವನ್ನು ಮಾತ್ರ ಯಾಕೆ ಬಿಟ್ಟ ಎಂಬುದಕ್ಕೆ ಈ ಕತೆಯೇ ಉತ್ತರ.

ಹಿಂದೆ ಒಮ್ಮೆ ಈ ದಡಕ್ಕೆ ಮೂಡುನಾಡು ಎಂದು ಹೆಸರಿತ್ತು. ಪಶ್ಚಿಮಕ್ಕೆ ಎರಡು ಹಗಲು ಒಂದು ರಾತ್ರಿ ಹಾಯಿ ಬಿಟ್ಟರೆ ಸಿಗುವ ನಡುಗಡ್ಡೆಗಳ ನಾಡಿಗೆ ಪಡುದೀವಿ ಎಂದು ಹೆಸರು. ನಾಡು ಬೇರೆ, ದೊರೆ ಬೇರೆ. ಆದರೆ ಜನ ಒಂದೇ ಬಳ್ಳಿಯವರು. ಏಳು ತಲೆಮಾರಿನ ಹಿಂದೆ ಇಲ್ಲಿಯ ನಾಲ್ಕು ದೋಣಿಗಳು ಗಾಳಿಗೆ ಸಿಕ್ಕಿ ಅಲ್ಲಿಗೆ ಹೋಗಿ ಬಿದ್ದವಂತೆ, ಅವರೇ ಅಲ್ಲಿ ಬೇರೂರಿದರಂತೆ. ಒಡಹುಟ್ಟಿದ ಅಕ್ಕ ತಂಗಿಯರು ಬೇರೆ ಬೇರೆ ಮನೆಗೆ ಸೊಸೆಯಾಗಿ ಹೋದರೆ ಹೇಗೋ ಹಾಗೆ. ದೋಣಿಯ ಹಲಗೆಗಳನ್ನು ಮೊಳೆ ಹೊಡೆಯದೆ ನಾರಿನ ಹುರಿಯಿಂದ ಹೊಲಿಯುವುದು ಇಬ್ಬರಿಗೂ ಒಂದೇ. ಮಗು ಹುಟ್ಟಿದ ಹನ್ನೊಂದನೆಯ ದಿನ ಅದರ ಅಂಗಾಲಿಗೆ ಕಡಲ ನೀರು ಮುಟ್ಟಿಸುವುದು ಒಂದೇ. ಮಾತೂ ಒಂದೇ, ಸ್ವಲ್ಪ ಎಳೆದು ಆಡುತ್ತಾರೆ ಅಷ್ಟೆ. ಆದರೆ ನಾವು ಅನ್ನ ಉಣ್ಣುವವರು, ಅವರು ತೆಂಗಿನಕಾಯಿ ಮತ್ತು ಒಣಗಿದ ಸೂರೆಮೀನಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವವರು. ನಾವು ಹೊಳೆಯ ನೀರು ಕುಡಿದು ಬೆಳೆದವರು, ಅವರಿಗೆ ಮರಳಿನಲ್ಲಿ ತೋಡಿದ ಬಾವಿಯೇ ಗತಿ. ಏಳು ತಲೆಮಾರು ಕಳೆಯುವಷ್ಟರಲ್ಲಿ ಒಂದೇ ತಾಯಿ ಕಲಿಸಿದ ಪದ್ಧತಿಗಳು ಈ ದಡದಲ್ಲಿ ಒಂದು ರೂಪ, ಆ ದಡದಲ್ಲಿ ಇನ್ನೊಂದು ರೂಪ ತಳೆದಿದ್ದವು. ಅದು ಯಾರಿಗೂ ತಿಳಿದಿರಲಿಲ್ಲ.

ಆ ಕಾಲದಲ್ಲಿ ಅರಗೋಡಿನ ಹೊನ್ನಕ್ಕ ಎಂಬ ವಿಧವೆಯ ಮಗ ಬೀರ ಪಡುದೀವಿಗೆ ಅಕ್ಕಿ ಕೊಟ್ಟು ಕೊಬ್ಬರಿ ತರಲು ಹೋದವನು ಅಲ್ಲಿಯ ಮಾಳು ಎಂಬ ಹುಡುಗಿಯನ್ನು ಮದುವೆಯಾಗಿ ಕರೆತಂದ. ಆ ಹುಡುಗಿ ಅತ್ತೆಯ ಹೊಸ್ತಿಲಿಗೆ ಬಂದವಳೇ ತಿರುಗಿ ಮನೆಗೆ ಬೆನ್ನು ಮಾಡಿ ನಿಂತುಬಿಟ್ಟಳು. ಆರತಿ ತಟ್ಟೆ ಹಿಡಿದಿದ್ದ ಹೊನ್ನಕ್ಕನಿಗೆ ಮೈ ಉರಿದುಹೋಯಿತು. "ಬಂದ ದಿನವೇ ಬೆನ್ನು ತೋರಿಸ್ತಾಳಲ್ಲ ಮಾರಾಯ್ತಿ, ನಾಳೆ ಎಂತ ತೋರಿಸ್ತಾಳೋ!" ಎಂದಳು. ನೆರೆಮನೆಯವಳು ಬಿಡಲಿಲ್ಲ, "ಉಣ್ಣುವಾಗಲೂ ಹಿಂದೆ ತಿರುಗಿ ಉಣ್ತಾರೋ ಏನೋ, ಬಾಳೆ ಎಲೆ ಯಾವ ಕಡೆ ಹಾಕಬೇಕು ಕೇಳಿಕೋ ಹೊನ್ನಕ್ಕ" ಎಂದು ನಕ್ಕಳು. ಪಡುದೀವಿಯಲ್ಲಿ ಆಸರೆ ಕೇಳಿ ಬಂದವರು ಮನೆಯೊಳಗೆ ಕಣ್ಣು ಹಾಯಿಸಬಾರದು, ಬೆನ್ನು ಮಾಡಿ ಸುಮ್ಮನೆ ನಿಲ್ಲಬೇಕು, ಮನೆಯವರು ಮೂರು ಸಲ ಕರೆದ ಮೇಲೆ ತಿರುಗಿ ಮಾತಾಡಬೇಕು, ಕರೆಯದೆ ಒಳಗೆ ಬಂದವನು ಕಳ್ಳ ಎಂಬುದನ್ನು ಬೀರ ಬಿಡಿಸಿ ಹೇಳಿದ ಮೇಲೆಯೇ ಹೊನ್ನಕ್ಕ ಸೊಸೆಯನ್ನು ಒಳಗೆ ಕರೆದದ್ದು. ಆಮೇಲೆ ಅತ್ತೆ ಸೊಸೆ ಜಗಳವಾಡಿಕೊಂಡೇ ಹೊಂದಿಕೊಂಡರು. ನಾಲ್ಕು ವರ್ಷಕ್ಕೆ ಸುಬ್ಬಿ ಎಂಬ ಹೆಣ್ಣುಮಗುವೂ ಆಯಿತು.

ಮಗುವಿಗೆ ಎಂಟು ತಿಂಗಳಾಗಿದ್ದಾಗಿನ ಮಾತು. ವೈಶಾಖದ ಕೊನೆ. ಇನ್ನು ಎರಡು ಮೂರು ದಿನಕ್ಕೆ ಮಳೆಗಾಲದ ಗಾಳಿ ಏಳುತ್ತದೆ ಎಂದು ಎಲ್ಲರೂ ದೋಣಿಗಳನ್ನು ಮೇಲೆ ಎಳೆದು ತೆಂಗಿನ ಗರಿ ಹೊದಿಸಿದ್ದರು. ಬೆಳಿಗ್ಗೆ ಎದ್ದು ನೋಡುತ್ತಾರೆ, ಅಲೆ ಒಡೆಯುವ ಜಾಗದ ಆಚೆ ಹನ್ನೊಂದು ದೋಣಿಗಳು ಸಾಲಾಗಿ ನಿಂತಿವೆ. ಹಾಯಿ ಇಳಿಸಿದೆ. ಮೂತಿ ಕಡಲಿನ ಕಡೆಗಿದೆ, ಹಿಂಬದಿ ಊರಿನ ಕಡೆಗಿದೆ. ಒಳಗೆ ಕೂತವರ ತಲೆಯ ಮೇಲೆ ಬಟ್ಟೆ ಮುಚ್ಚಿದೆ. ಅವರು ಅಲುಗುವುದಿಲ್ಲ, ಸದ್ದಿಲ್ಲ. ಅಲೆ ಎತ್ತಿದರೆ ಏಳುತ್ತಾರೆ, ಇಳಿಸಿದರೆ ಇಳಿಯುತ್ತಾರೆ, ಒಂದು ತಲೆಯೂ ಈ ಕಡೆ ತಿರುಗುವುದಿಲ್ಲ.

ಅದನ್ನು ಕಂಡು ಊರಿಗೆ ಊರೇ ತಣ್ಣಗಾಯಿತು ಎನ್ನುತ್ತಾರೆ. ಯಾಕೆಂದರೆ ನಮ್ಮ ದಡದಲ್ಲಿ ಹಿಂಬದಿ ಮುಂದಾಗಿ ಬರುವ ದೋಣಿ ಒಂದೇ, ಹೆಣ ತರುವ ದೋಣಿ. ದೋಣಿಯ ಮೂತಿಗೆ ಕಣ್ಣು ಬರೆದಿರುತ್ತೇವಲ್ಲ, ಕಡಲಲ್ಲಿ ಸತ್ತವನನ್ನು ಆ ಕಣ್ಣು ನೋಡಿರುತ್ತದೆ, ಅದೇ ಕಣ್ಣು ಊರನ್ನು ನೋಡಬಾರದು. ಅದಕ್ಕೇ ದೋಣಿ ತಿರುಗಿಸಿ ತರುವುದು. ದೋಣಿಯಲ್ಲಿದ್ದವರು ಮೊದಲು ಕೂಗಿ ಸತ್ತವನ ಹೆಸರು ಹೇಳಬೇಕು. ದಡದವರು ಮಾತ್ರ ಅವರಿಗಿಂತ ಮುಂಚೆ ಬಾಯಿ ತೆರೆಯುವ ಹಾಗಿಲ್ಲ. ದೋಣಿಯಿಂದ ಕೂಗೇ ಬರಲಿಲ್ಲ ಎಂದರೆ ಅದರಲ್ಲಿ ಜೀವ ಇರುವವರು ಯಾರೂ ಇಲ್ಲ. ಅಂಥ ದೋಣಿಯನ್ನು ಹೊತ್ತು ಮುಳುಗುವುದರೊಳಗೆ ಬೆಂಕಿ ಹಚ್ಚಿ ಸುಡಬೇಕು, ಇಲ್ಲದಿದ್ದರೆ ಅದರೊಳಗಿನ ಹೆಣಗಳು ಎದ್ದು ಊರಿಗೆ ಇಳಿದು ಬರುತ್ತವೆ. ಮೈಮರೆತು ಯಾರಾದರೂ ಮೊದಲು ಕರೆದರೆ ಕರೆದವರು ಆ ಸತ್ತವರ ಪಾಲು. ಕರೆದವರು ಉಸಿರಾಡುತ್ತಿದ್ದರೂ ಊರಿನ ಲೆಕ್ಕದಲ್ಲಿ ಸತ್ತವರು.

ಒಂದು ದೋಣಿ ಹಾಗೆ ಬಂದದ್ದನ್ನು ಹಳಬರು ನೋಡಿದ್ದರು. ಹನ್ನೊಂದು ಬಂದದ್ದನ್ನು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಹೆಂಗಸರು ಒಲೆ ಆರಿಸಿ ಬಾಗಿಲು ಹಾಕಿಕೊಂಡರು. ಮಕ್ಕಳನ್ನು ಮೀನಿನ ಬುಟ್ಟಿ ಕವುಚಿ ಅಡಗಿಸಿಟ್ಟರು. ಸದಾ ದಡದಲ್ಲಿ ಕಚ್ಚಾಡುವ ನಾಯಿಗಳು ಬಾಲ ಮಡಚಿ ತೋಪಿನೊಳಗೆ ನುಗ್ಗಿದವು. ಕಾಗೆಗಳು ಮಾತ್ರ ಹೋಗಿ ಆ ದೋಣಿಗಳ ಅಂಚಿನ ಮೇಲೆ ಕೂತು ಬಂದವು. ಅದನ್ನು ನೋಡಿ ಗಂಡಸರೂ ನೀರಿನ ಅಂಚಿನಿಂದ ಹಿಂದೆ ಸರಿದರು. ಊರಿನ ಹಿರಿಯ, ನ್ಯಾಯ ಹೇಳುವವನು, ಮಾಸ್ತಪ್ಪ ಬುಧವಂತ. ಹುಲಿ ಬಂದರೂ ಕೂತಲ್ಲಿಂದ ಏಳದ ಆಸಾಮಿ. ಅವನು ಕೂಡ ಎದ್ದು ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದನಂತೆ.

ಮಾಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ದಡಕ್ಕೆ ಓಡಿ ಬಂದಳು. ಎಂಟನೆಯ ದೋಣಿಯ ಹೊಲಿಗೆಯಲ್ಲಿ ಕೆಂಪು ಹುರಿ ಇತ್ತು. ಅದು ಅವಳ ತವರಿನ ದೋಣಿ. "ಬುಧವಂತರೇ, ಅದು ಹೆಣದ ದೋಣಿಯಲ್ಲ, ನಮ್ಮೂರಿನವರು. ಆಸರೆ ಕೇಳಿ ಬಂದಿದ್ದಾರೆ, ಅದಕ್ಕೇ ಬೆನ್ನು ಮಾಡಿದ್ದಾರೆ" ಎಂದಳು. ಬುಧವಂತ ಅವಳ ಕಡೆ ನೋಡದೆಯೇ, "ಅಕ್ಕಿಗೆ ಬರುವಾಗ ಎಂದಾದರೂ ಹೀಗೆ ಬಂದದ್ದುಂಟಾ?" ಎಂದು ಕೇಳಿದ. ಅವಳು, "ವ್ಯಾಪಾರಕ್ಕೆ ಬರುವಾಗ ಮುಖ ಕೊಟ್ಟೇ ಬರುವುದು. ಹೀಗೆ ಬರುವ ಗತಿ ಏಳು ತಲೆಮಾರಿಗೆ ಈಗ ಬಂದಿದೆ" ಎಂದಳು.

"ಬದುಕಿದ್ದರೆ ಒಂದು ಮಾತು ಆಡಲಿ."

"ನೀವು ಕರೆಯದೆ ಅವರು ಮಾತಾಡುವುದಿಲ್ಲ."

"ಅವರು ಮಾತಾಡದೆ ನಾವು ಕರೆಯುವುದಿಲ್ಲ. ಕರೆದವರು ಸತ್ತ ಹಾಗೆ. ನಿನ್ನ ಕೈಯಲ್ಲಿ ಕೂಸು ಇದೆ, ನೆನಪಿರಲಿ."

ಅವಳು ಮಗುವನ್ನು ಅಪ್ಪಿಕೊಂಡು ಮರಳಿನ ಮೇಲೆ ಕೂತಳು. ಸತ್ತವಳೆಂದು ಎಣಿಸಿದವಳಿಗೆ ಮಗುವನ್ನು ಕೊಡುವುದಿಲ್ಲ, ಅದೂ ಕಟ್ಟಳೆ. ಕರೆದರೆ ಮಗು ಹೋಯಿತು. ಕರೆಯದಿದ್ದರೆ ಹೊತ್ತು ಮುಳುಗುವಷ್ಟರಲ್ಲಿ ಹೆತ್ತ ತಾಯಿಯ ದೋಣಿಗೆ ಬೆಂಕಿ. ಹಾಗೆ ನೋಡುತ್ತ ಕೂತ ಹಾಗೇ ಇನ್ನೊಂದು ಭಯ ಅವಳೊಳಗೆ ಹುಟ್ಟಿತು, ಅದು ಎಲ್ಲಕ್ಕಿಂತ ಕೆಟ್ಟದ್ದು. ಇವರು ಹೇಳುವುದೇ ನಿಜವಾಗಿದ್ದರೆ? ಆಸರೆ ಕೇಳಿ ಹೊರಟವರು ದಾರಿಯಲ್ಲೇ ಸತ್ತು, ಹೊರಟ ಹಾಗೆಯೇ ಬೆನ್ನು ಮಾಡಿ ಬಂದಿದ್ದರೆ? ಬೆಳಿಗ್ಗೆಯಿಂದ ಒಂದು ಕೈಯೂ ಕಾಗೆಯನ್ನು ಓಡಿಸಲಿಲ್ಲವಲ್ಲ. ನಾಲ್ಕು ವರ್ಷಕ್ಕೂ ಮೇಲೆ ಈ ದಡದ ಅನ್ನ ಉಂಡಿದ್ದಳು, ಈ ದಡದ ಭಯವೂ ಅವಳ ರಕ್ತದಲ್ಲಿ ಸೇರಿತ್ತು.

ಮಧ್ಯಾಹ್ನ ಕಳೆಯಿತು. ಪಶ್ಚಿಮದಲ್ಲಿ ಮೋಡ ಕಪ್ಪಾಯಿತು, ಗಾಳಿ ದಿಕ್ಕು ಬದಲಿಸಿತು. ಗಂಡಸರು ಬಾಣಗಳಿಗೆ ಚಿಂದಿ ಸುತ್ತಿ ಮೀನೆಣ್ಣೆಯಲ್ಲಿ ಅದ್ದಿ ಸಾಲಾಗಿ ಮರಳಲ್ಲಿ ಚುಚ್ಚಿಟ್ಟರು. ಬಿಲ್ಲಿನಲ್ಲಿ ಊರಿಗೇ ಕೈ ಹಿಡಿತವಿದ್ದವನು ಮಾಳುವಿನ ಗಂಡ ಬೀರ. ಮೊದಲ ಬಾಣ ಅವನೇ ಬಿಡಬೇಕೆಂದು ಬುಧವಂತ ಹೇಳಿದ. ಬೀರ ಹೆಂಡತಿಯ ಮುಖ ನೋಡಲಿಲ್ಲ, ಬಿಲ್ಲಿನ ಹೆದೆಯನ್ನು ಎಳೆದು ಎಳೆದು ನೋಡುತ್ತಿದ್ದ.

ಹೊತ್ತು ಕಡಲಿನಿಂದ ಎರಡು ಆಳೆತ್ತರದಲ್ಲಿದ್ದಾಗ ಮಾಳು ಎದ್ದಳು. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿದಳು. ಹೊನ್ನಕ್ಕ ಅವಳ ಸೆರಗು ಹಿಡಿದು, "ಹುಚ್ಚು ಹಿಡೀತಾ ನಿಂಗೆ? ಕೂತ್ಕೋ ಕೂಸೇ" ಎಂದಳು. "ಹಸಿವಾದರೆ ರಾಗಿ ಮಣ್ಣಿ ಕಾಸಿ ಕೊಡಿ ಅತ್ತೆ, ಬೆಲ್ಲ ಕಡಿಮೆ" ಎಂದಷ್ಟೇ ಹೇಳಿ ಮಾಳು ಸೆರಗು ಬಿಡಿಸಿಕೊಂಡಳು. ನೀರಿನ ಅಂಚಿಗೆ ಹೋಗಿ ಊರಿನ ಕಡೆಗೆ ತಿರುಗಿದಳು. ಹಾಗೆ ತಿರುಗಿಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಕಡಲಿಗೆ ಇಳಿದಳು. ಊರಿನವರಿಗೆ ಅವಳ ಮುಖ, ದೋಣಿಯವರಿಗೆ ಅವಳ ಬೆನ್ನು. ಪಡುದೀವಿಯಲ್ಲಿ ಕರೆಯುವವರೂ ಬಂದವರ ಮುಖ ನೋಡದೆ ಬೆನ್ನು ಮಾಡಿಯೇ ಕರೆಯಬೇಕು, ಇಲ್ಲದಿದ್ದರೆ ಅವರು ಅದನ್ನು ಕರೆ ಎಂದು ಒಪ್ಪುವುದಿಲ್ಲ. ಗೊತ್ತಿದ್ದ ಮುಖದ ಮೇಲೆ ಹಾಯಿಸಿ ಈ ಕಡೆಯವರು ಬಾಣ ಬಿಡಲಾರರು. ಎರಡೂ ಕಡೆಯವರಿಗೆ ತಿಳಿಯುವ ಹಾಗೆ ನಿಲ್ಲಲು ಅವಳಿಗೆ ಬೇರೆ ದಾರಿಯೇ ಇರಲಿಲ್ಲ. ಆದರೆ ಅದರಿಂದ ಒಂದು ಘೋರವಾಯಿತು. ಹಿಂದೆ ಏನಿದೆ ಎಂದು ಅವಳಿಗೆ ಕಾಣುವಂತಿಲ್ಲ. ಜೀವವೋ ಹೆಣವೋ, ಅದು ತನ್ನ ಹೆಗಲಿನ ಹಿಂದೆ ಹತ್ತಿರವಾಗುತ್ತಿದೆ ಎಂಬುದಷ್ಟೇ ಅವಳಿಗೆ ಗೊತ್ತು.

ನೀರು ಎದೆಗೆ ಬಂದಾಗ ನಿಂತಳು. ಪಡುದೀವಿಯವರು ಮನೆ ಬಾಗಿಲಿಗೆ ಬಂದವರನ್ನು ಕರೆಯುವ ಹಾಗೆ, "ಬನ್ನಿ, ಮೈಯ ಉಪ್ಪು ತೊಳೆದುಕೊಳ್ಳಿ" ಎಂದು ಕರೆದಳು. ದಡದಲ್ಲಿ ಹೆಂಗಸೊಬ್ಬಳು ಚೀರಿದಳು. ಕಡಲಿನಿಂದ ಸದ್ದಿಲ್ಲ. ಎರಡನೆಯ ಸಲ ಕರೆದಳು. ಸದ್ದಿಲ್ಲ. ಹಿಂದೆ ಹಲಗೆ ಹಲಗೆಗೆ ಉಜ್ಜುವ ಕಿರ್ ಕಿರ್ ಮಾತ್ರ ಕೇಳಿತು. ಮೂರನೆಯದನ್ನು ಅವಳು ತಡೆದಳು. ಮೂರನೆಯದಕ್ಕೂ ಉತ್ತರ ಬಾರದಿದ್ದರೆ ಆಮೇಲೆ ಎಂತ?

"ಎರಡು ಸಲ ಕರೆದಾಯಿತು, ಅವಳು ಇನ್ನು ನಮ್ಮವಳಲ್ಲ" ಎಂದ ಬುಧವಂತ. "ಬೀರ, ಬಿಡು."

ಬೀರ ಹೊತ್ತಿಸಿದ ಬಾಣ ಹೂಡಿ ಎತ್ತಿದ. ಬಾಣದ ತುದಿಯಾಚೆ ಹೆಂಡತಿಯ ಮುಖ. ಅವಳು ಅವನನ್ನೇ ನೋಡುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ, ಕಣ್ಣನ್ನೂ ಮಿಟುಕಿಸಲಿಲ್ಲ. ಎಣ್ಣೆ ಕಾದು ಅವನ ಬೆರಳ ಮೇಲೆ ತೊಟ್ಟಿಕ್ಕಿ ಚರ್ಮ ಸುಟ್ಟಿತು. ಆದರೂ ಅವನು ಹೆದೆ ಸಡಿಲಿಸಲಿಲ್ಲ, ಬಾಣವನ್ನೂ ಬಿಡಲಿಲ್ಲ. ಆಗ ಮಾಳು ಮೂರನೆಯ ಸಲ ಕರೆದಳು. ಅದು ಕರೆಯಲ್ಲ, ಎಳೆಗರು ಒರಲಿದ ಹಾಗಿತ್ತು ಎನ್ನುತ್ತಾರೆ.

ಒಂದು ಅಲೆ ಹೋಯಿತು. ಇನ್ನೊಂದು ಹೋಯಿತು. ಎಂಟನೆಯ ದೋಣಿಯಿಂದ ಒಡೆದ ಮಡಕೆಯಂಥ ದನಿಯೊಂದು ಎದ್ದಿತು. "ಎಷ್ಟು ಹೊತ್ತೇ ಕರೆಯೋದಕ್ಕೆ! ಬೆಳಿಗ್ಗೆಯಿಂದ ಕೂತು ಕೂತು ಸೊಂಟ ಸೆಟೆದು ಹೋಯ್ತು. ನಿನ್ನ ಅತ್ತೆ ಮನೆಯವರಿಗೆ ನಾಲಿಗೆ ಇಲ್ವಾ?" ಅದು ಮಾಳುವಿನ ತಾಯಿ ಅಂಬಾಳಿ.

ದಡದಲ್ಲಿ ಮೊದಲು ಬಾಯಿಬಿಟ್ಟವಳು ಹೊನ್ನಕ್ಕ. "ಅಯ್ಯೋ, ಸತ್ತ ಬೀಗಿತ್ತಿ ಹೀಗೆ ಬೈತಾಳೇನ್ರೋ? ಇದು ಜೀವ ಇರುವ ಬಾಯಿಯೇ! ಇಳೀರಿ ನೀರಿಗೆ, ಗಾಳಿ ಬಂತು, ಎಂತ ಮುಖ ನೋಡ್ತಾ ನಿಂತಿದ್ದೀರಿ?" ಎಂದು ಮಗುವನ್ನು ಪಕ್ಕದವಳ ಕೈಗೆ ತುರುಕಿ ತಾನೇ ಮೊದಲು ನೀರಿಗೆ ಇಳಿದಳು. ಅವಳ ಹಿಂದೆ ಬೀರ, ಬೀರನ ಹಿಂದೆ ಊರು. ಹಗ್ಗ ಎಸೆದು, ಎದೆಮಟ್ಟದ ಅಲೆಯಲ್ಲಿ ಹೆಗಲು ಕೊಟ್ಟು, ಗಾಳಿ ಪೂರ್ತಿ ಏಳುವುದರೊಳಗೆ ಹನ್ನೊಂದು ದೋಣಿಗಳನ್ನೂ ಮೇಲಕ್ಕೆ ತಂದರು.

ಪಡುದೀವಿಯಲ್ಲಿ ಕಡಲು ಉಕ್ಕಿ ಬಾವಿಗಳಿಗೆಲ್ಲ ಉಪ್ಪುನೀರು ನುಗ್ಗಿತ್ತಂತೆ. ಕುಡಿಯಲು ಹನಿ ನೀರಿಲ್ಲದೆ ಹೊರಟವರು ಹೊತ್ತು ತಂದ ಎಳನೀರು ದಾರಿಯಲ್ಲೇ ಮುಗಿದಿತ್ತು. ಅದಕ್ಕೇ ಅಲುಗುವ ಶಕ್ತಿಯಿರಲಿಲ್ಲ, ಕಾಗೆ ಓಡಿಸಲೂ ಕೈ ಏಳುತ್ತಿರಲಿಲ್ಲ. ಕೊನೆಯ ದೋಣಿಯಲ್ಲಿ ಮೂವರು ತಲೆಯ ಬಟ್ಟೆ ತೆಗೆಯಲಿಲ್ಲ. ಒಬ್ಬ ಮುದುಕ, ಒಬ್ಬ ದೋಣಿಕಾರ, ಒಬ್ಬಳು ಬಾಣಂತಿ. ಬುಧವಂತನೇ ಬಟ್ಟೆ ಸರಿಸಿ ನೋಡಿದ. "ಇವರು ಯಾವಾಗ ಹೋದರು?" ಎಂದು ಮೆಲ್ಲಗೆ ಕೇಳಿದ. ಅಂಬಾಳಿ ಹೇಳಿದಳು, "ಬೆಳಿಗ್ಗೆ ನಾವು ಇಲ್ಲಿಗೆ ಬಂದು ನಿಂತಾಗ ಮೂವರೂ ಇದ್ದರು." ಬುಧವಂತ ಊರುಗೋಲು ಕೆಳಗಿಟ್ಟ. ಕೊಡದಲ್ಲಿ ಹೊಳೆಯ ನೀರು ತರಿಸಿ ಆ ಮೂವರ ಮೈಯನ್ನು ತಾನೇ ತೊಳೆದ.

ಇಷ್ಟಾದರೂ ಕಟ್ಟಳೆ ಕಟ್ಟಳೆಯೇ. ಊರು ಸಾಯಿಸಿದ ಹೆಸರನ್ನು ಊರು ಮತ್ತೆ ಬಾಯಲ್ಲಿ ತರುವ ಹಾಗಿಲ್ಲ, ಈ ಕತೆ ಹೇಳುವಾಗ ಮಾತ್ರ ಅದಕ್ಕೆ ಬಿಡುವು. ಹತ್ತನೆಯ ದಿನ ಮಾಳು ಎಂಬ ಹೆಸರಿಗೆ ಎಳ್ಳುನೀರು ಬಿಟ್ಟರು, ಬೀರನೇ ಬಿಡಬೇಕಾಯಿತು. ಮಗುವನ್ನು ಅವಳಿಗೆ ಕೊಡಬಾರದೆಂದು ಕೆಲವರು ಹಟ ಹಿಡಿದರು. ಆಗ ಹೊನ್ನಕ್ಕ, "ಸತ್ತವಳು ಸತ್ತಳು, ಇವಳು ನನಗೆ ಹೊಸದಾಗಿ ಹುಟ್ಟಿದ ಮಗಳು" ಎಂದು ಇಪ್ಪತ್ತು ದಾಟಿದ ಸೊಸೆಯನ್ನು ಚಾಪೆಯ ಮೇಲೆ ಮಲಗಿಸಿ, ಅಂಗಾಲಿಗೆ ಕಡಲ ನೀರು ಮುಟ್ಟಿಸಿ, ಕಿವಿಯಲ್ಲಿ ಬೆನ್ನಮ್ಮ ಎಂದು ಹೆಸರಿಟ್ಟಳು. ಬಂದ ದಿನ ಯಾವುದಕ್ಕೆ ಬೈದಿದ್ದಳೋ ಅದೇ ಹೆಸರಾಯಿತು. ಹೊಸದಾಗಿ ಹುಟ್ಟಿದವಳಿಗೆ ಮಗು ಕೊಡಬಾರದು ಎಂದು ಯಾವ ಕಟ್ಟಳೆಯೂ ಇರಲಿಲ್ಲ, ಬುಧವಂತನೂ ಒಪ್ಪಿದ. ಕೋಡಿಯ ಮೇಲೆ ಕಲ್ಲು ನಿಲ್ಲಿಸಿದಾಗ ಶಿಲ್ಪಿ ಮುಖ ಕೆತ್ತದೆ ಬಿಟ್ಟ. ನೀರಲ್ಲಿ ನಿಂತ ಮುಖ ಮಾಳುವಿನದು, ಅದನ್ನು ಊರು ಕಳೆದುಕೊಂಡಿತ್ತು. ಬೆನ್ನು ಮಾತ್ರ ಉಳಿಯಿತು.

ಈಗ ಅಲ್ಲಿಗೆ ಹೋದವರು ಒಂದು ಕೊಡ ಸಿಹಿನೀರು ಬಂಡೆಯ ಬುಡದಲ್ಲಿ ಸದಾ ತುಂಬಿರುವುದನ್ನು ನೋಡುತ್ತಾರೆ. ಮನೆಗೊಂದು ದಿನದಂತೆ ಊರಿನವರು ಅದನ್ನು ತುಂಬಿಸಿಡುತ್ತಾರೆ. ಕೋಡಿಯ ಹತ್ತಿರ ಯಾವ ದೋಣಿ ಕಂಡರೂ, ಅದು ಯಾವ ಕಡೆ ತಿರುಗಿದ್ದರೂ, ದಡದಲ್ಲಿದ್ದವರೇ ಮೊದಲು ಕೂಗಿ ಕರೆಯುತ್ತಾರೆ. ಬಲೆ ಹೆಣೆಯುತ್ತ ಕೂತ ಮುದುಕರು ಒಮ್ಮೆಲೇ ಎದ್ದು ಕಡಲಿಗೆ ಕೂಗುವುದನ್ನು ಕಂಡು ಪೇಟೆಯವರು ನಗುತ್ತಾರೆ, ನಗಲಿ.

ಯಾರು ಏನಾದರು ಎಂದು ಕೇಳುತ್ತೀರಿ. ಹೇಳುತ್ತೇನೆ. ಮಾಸ್ತಪ್ಪ ಆ ಮಳೆಗಾಲದಲ್ಲೇ ಬುಧವಂತಿಕೆ ಬಿಟ್ಟ. ತೀರಿಹೋದ ಬಾಣಂತಿಯ ಕೂಸು ಬದುಕಿತ್ತು, ಅದನ್ನು ತನ್ನ ಮನೆಯಲ್ಲಿ ಸಾಕಿದ, ಅದರ ಮದುವೆ ಮಾಡಿಸಿ ಸತ್ತ. ಮರುವರ್ಷ ಬಾವಿಗಳು ಸಿಹಿಯಾದವೆಂದು ಸುದ್ದಿ ಬಂದಾಗ ಪಡುದೀವಿಯವರಲ್ಲಿ ಅರ್ಧ ಜನ ಹಿಂದಿರುಗಿದರು, ಅರ್ಧ ಜನ ಇಲ್ಲೇ ಉಳಿದರು. ಅಂಬಾಳಿ ಹೋದವರ ಜೊತೆ ಹೋದಳು. ಅನ್ನ ಉಂಡು ಉಂಡು ಹೊಟ್ಟೆ ಉಬ್ಬಿತು ಎಂದು ದೋಣಿ ಹತ್ತುವವರೆಗೂ ಬೀಗಿತ್ತಿಯೊಂದಿಗೆ ಜಗಳವಾಡಿದಳು, ಹತ್ತಿದ ಮೇಲೆ ಅತ್ತಳು. ಹೊನ್ನಕ್ಕ ತುಂಬು ವಯಸ್ಸಿನಲ್ಲಿ, ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಬೀರನ ಬೆರಳುಗಳು ಸುಟ್ಟಲ್ಲಿ ಅಂಟಿಕೊಂಡೇ ಉಳಿದವು. ಬಿಲ್ಲು ಹಿಡಿಯಲಿಲ್ಲ, ಹುಟ್ಟು ಹಾಕುತ್ತಲೇ ಬಾಳಿದ. ಸುಬ್ಬಿ ಈ ದಡದಲ್ಲೇ ಮದುವೆಯಾಗಿ ಏಳು ಮಕ್ಕಳ ತಾಯಿಯಾದಳು. ನನ್ನ ಅಜ್ಜಿಯ ಮನೆಯವರು ನಾವು ಅವಳ ಸಂತಾನ ಎನ್ನುತ್ತಿದ್ದರು, ಊರಿನ ಅರ್ಧ ಮನೆಯವರೂ ಹಾಗೇ ಎನ್ನುತ್ತಾರೆ.

ಬೆನ್ನಮ್ಮ ಮುದುಕಿಯಾಗಿ ಜ್ವರದಲ್ಲಿ ತೀರಿಕೊಂಡಳು. ಆಗ ಊರಿಗೆ ದಿಕ್ಕು ತೋಚಲಿಲ್ಲ. ಹೆಸರು ಹೊಸದಾದರೂ ಮೈ ಅದೇ, ಒಬ್ಬಳಿಗೆ ಎರಡು ಸಲ ಕ್ರಿಯೆ ಮಾಡುವಂತಿಲ್ಲ, ಇಲ್ಲಿ ಅವಳ ಕ್ರಿಯೆ ಎಂದೋ ಮುಗಿದಿತ್ತು. ಬೀರ ಹಣ್ಣು ಮುದುಕ, ಹೆಂಡತಿಯನ್ನು ದೋಣಿಯಲ್ಲಿ ಮಲಗಿಸಿಕೊಂಡು ಎರಡು ಹಗಲು ಒಂದು ರಾತ್ರಿ ಹಾಯಿಸಿ ಪಡುದೀವಿಯ ದಡಕ್ಕೆ ಹೋದ. ಅಲ್ಲಿಯ ಹೆಂಗಸರು ದಡಕ್ಕೆ ಬಂದು, ನಮ್ಮೂರಿನಲ್ಲಿ ಯಾರೂ ಆಡದ ಹೆಸರಿನಿಂದ, ಮಾಳೂ ಬಾ, ಮೈಯ ಉಪ್ಪು ತೊಳೆದುಕೋ ಎಂದು ಮೂರು ಸಲ ಕರೆದು ಅವಳನ್ನು ಇಳಿಸಿಕೊಂಡರು. ಅವಳ ಕಲ್ಲು ನಮ್ಮಲ್ಲಿದೆ. ಅವಳು ಮಲಗಿರುವುದು ಅಲ್ಲಿ. ಬೀರ ಹಿಂದಿರುಗಲಿಲ್ಲ.